ನೆಲಮಾಳಿಗೆಯ ತಂಪು

ಹೋಟೆಲು ಮಾರುವ ವಿಷಯವನ್ನು ಭಾವ ಅವನಿಗೆ ಹೇಳಿದ್ದು ಅವನು ಈರುಳ್ಳಿ ಹೆಚ್ಚುತ್ತಿದ್ದಾಗ. ಕಣ್ಣಲ್ಲಿ ನೀರು ಬಂದರೂ ಯಾರೂ ಕೇಳುವಂತಿರಲಿಲ್ಲ.

"ಮುಂದಿನ ತಿಂಗಳ ಕೊನೆಗೆ ಸಹಿ. ಕೊಳ್ಳೋರಿಗೆ ಕೌಂಟರಲ್ಲಿ ಡ್ರಾಫ್ಟ್ ಬಿಯರ್, ಅದೇ ಪೀಪಾಯಿಂದ ನಲ್ಲೀಲಿ ಬರೋದು, ಇರಲೇಬೇಕಂತೆ. ತಣ್ಣಗಿಡೋ ಮೆಷಿನ್ ಯಾವುದು ಅಂತ ನೀನೇ ನೋಡಿ ಆರಿಸಿಬಿಡು. ನಿನ್ನ ಬಗ್ಗೆನೂ ಮಾತಾಡಿದ್ದೀನಿ ಕಣೋ. ಪಾತ್ರೆ ತೊಳೆಯೋ ಕಡೆ ನೋಡ್ಕೊಳ್ಳೋಕೆ ಒಬ್ಬರು ಬೇಕಂತೆ."

ಹದಿನೆಂಟು ವರ್ಷ ಆ ಒಲೆಯ ಮುಂದೆ ಬೆಂದವನಿಗೆ ಸಿಕ್ಕ ಮರ್ಯಾದೆ ಇದು. ಜಾಗ ಅಪ್ಪನದು. ಅಪ್ಪ ಸಾಯುವಾಗ ಅದನ್ನು ಅಕ್ಕನ ಹೆಸರಿಗೆ ಬರೆದ. ಅಕ್ಕ ಗಂಡನ ಮಾತು ಮೀರುವವಳಲ್ಲ. ಗಂಡನೇ ಇಲ್ಲದಿದ್ದರೆ ತಮ್ಮನ ಮಾತು ಮೀರುವವಳೂ ಅಲ್ಲ. ಈ ಎರಡನೆಯ ಯೋಚನೆ ಈರುಳ್ಳಿ ಮುಗಿಯುವ ಮೊದಲೇ ಬಂತು. ಬಂದದ್ದು ಮತ್ತೆ ಹೋಗಲಿಲ್ಲ.

ಮೆಷಿನ್ ಮಾರುವವನು ಬಣ್ಣಬಣ್ಣದ ಪುಸ್ತಕ ಹಿಡಿದು ಬಂದ. ಅವನ ಹತ್ತಿರ ಮೂರು ಬಗೆ ಇದ್ದವು. ಮೊದಲನೆಯದು ಕೌಂಟರಿನ ಕೆಳಗೇ ಕೂರುವ ಫ್ರಿಜ್ಜು. ಅದರಲ್ಲಿ ಎರಡು ಪೀಪಾಯಿ ಹಿಡಿಸುತ್ತದೆ, ಭಾವ ಹಿಡಿಸುವುದಿಲ್ಲ. ಎರಡನೆಯದು ಗ್ಲೈಕಾಲ್. ಬಿಯರಿನ ಕೊಳವೆಗೆ ಒತ್ತಿಕೊಂಡೇ ತಣ್ಣನೆಯ ದ್ರವ ಓಡುತ್ತದೆ, ಎಷ್ಟು ದೂರಕ್ಕಾದರೂ ಒಯ್ಯಬಹುದು.

"ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಸರ್," ಅಂದ ಮಾರುವವನು. "ತಿಂಗಳಿಗೊಂದು ಸಲ ನಮ್ಮ ಮೆಕ್ಯಾನಿಕ್ಕೇ ಬಂದು ಎಲ್ಲಾ ತೆಗೆದು ನೋಡ್ತಾನೆ."

ಎಲ್ಲಾ ತೆಗೆದು ನೋಡುವವನು ಅವನಿಗೆ ಬೇಕಿರಲಿಲ್ಲ. ಮೂರನೆಯದನ್ನು ಆರಿಸಿದ. ನೆಲಮಾಳಿಗೆಯಲ್ಲಿ ಒಂದು ತಂಪು ಕೋಣೆ, ಅಲ್ಲಿ ಪೀಪಾಯಿಗಳು, ಬಿಯರನ್ನು ಮೇಲಕ್ಕೆ ನೂಕುವ ಗ್ಯಾಸ್ ಸಿಲಿಂಡರು. ಕೋಣೆಯ ಸೂರಿನಿಂದ ಕೌಂಟರಿನ ನಲ್ಲಿಕಂಬದವರೆಗೆ ಎರಡು ದಪ್ಪ ಪೈಪು. ಒಂದರಲ್ಲಿ ಫ್ಯಾನು ಕೋಣೆಯ ತಣ್ಣನೆಯ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಇನ್ನೊಂದರಲ್ಲಿ ಅದೇ ಗಾಳಿ ಕೆಳಗಿಳಿಯುತ್ತದೆ.

"ಗ್ಯಾಸ್ ವಿಷಯದಲ್ಲಿ ಮಾತ್ರ ಹುಷಾರು ಸರ್. ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೇಲಿ ಸೋರಿದ್ರೆ ನಿಂತೋರು ನಿಂತಲ್ಲೇ ಬಿದ್ದುಬಿಡ್ತಾರೆ."

ಅವನು ಗಾಬರಿಯಾದವನಂತೆ ಹುಬ್ಬೇರಿಸಿದ. ನಟನೆ ತನಗೆ ಇಷ್ಟು ಚೆನ್ನಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಉಪಾಯ ಸರಳವಾಗಿತ್ತು. ಭಾವ ಯಾರನ್ನೂ ನಂಬುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ತಾನೇ ಕೆಳಗಿಳಿದು ಗ್ಯಾಸ್ ಮೀಟರಿನ ಮುಳ್ಳು ನೋಡುತ್ತಾನೆ. ಸಿಲಿಂಡರಿನ ತಿರುಪು ಅದಕ್ಕೆ ಸ್ವಲ್ಪ ಮೊದಲು ಸಡಿಲವಾಗಿರಬೇಕು. ತಂಪು ಕೋಣೆಯ ಬಾಗಿಲಿನ ಒಳಗಿನ ಹಿಡಿಯ ಸ್ಕ್ರೂ ಬಿದ್ದುಹೋಗಿರಬೇಕು. ಹೊಸ ಕೆಲಸದಲ್ಲಿ ಸ್ಕ್ರೂ ಬೀಳುವುದಿಲ್ಲವೇ? ತಪ್ಪೆಲ್ಲ ಮೆಷಿನ್ ಕೂರಿಸಿಹೋದವರ ತಲೆಗೆ. ಅಕ್ಕ ಆ ಹೊತ್ತಿಗೆ ಮೇಲೆ ಕೌಂಟರಿನಲ್ಲಿ ಲೋಟ ಒರೆಸುತ್ತಿರುತ್ತಾಳೆ.

ಒಂದೇ ಒಂದು ತೊಡಕು ಅವನನ್ನು ಎರಡು ದಿನ ಕಾಡಿತು. ಫ್ಯಾನು ಓಡುತ್ತಿದ್ದರೆ ಗ್ಯಾಸನ್ನೂ ಕಲಕಿ ಮೇಲಕ್ಕೆ ಒಯ್ಯುತ್ತದೆ, ಕೋಣೆಯಲ್ಲಿ ನಿಲ್ಲಗೊಡುವುದಿಲ್ಲ. ಸ್ವಿಚ್ಚು ಬಾಗಿಲ ಹೊರಗೇ ಇತ್ತು. ಫ್ಯಾನು ನಿಲ್ಲಿಸಿಬಿಡುವುದು, ಆಮೇಲೆ ಗಲಾಟೆಯ ನಡುವೆ ಮತ್ತೆ ಹಾಕಿಬಿಟ್ಟರಾಯಿತು. ಇದು ಹೊಳೆದ ದಿನ ಅವನು ಹೊಟ್ಟೆ ತುಂಬ ಊಟ ಮಾಡಿದ.

ಸಹಿಗೆ ಒಂಬತ್ತು ದಿನ ಇರುವಾಗ ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು.

"ಭಾವ, ಕೆಳಗೆ ಮುಳ್ಳು ಇಳಿದ ಹಾಗಿದೆ, ನೋಡ್ತೀರಾ?"

"ನಿನ್ನ ಕೈಲಿ ಒಂದಾದ್ರೂ ನೆಟ್ಟಗೆ ಆಗುತ್ತೇನೋ?" ಎಂದು ಗೊಣಗುತ್ತಲೇ ಭಾವ ಕೆಳಗಿಳಿದು ತಂಪು ಕೋಣೆಯ ಒಳಗೆ ಹೋದ.

ಹಿಂದೆಯೇ ಇಳಿದ ಅವನು ಕೋಣೆಯ ಬಾಗಿಲು ದೂಡಿ ಮುಚ್ಚಿದ. ಫ್ಯಾನಿನ ಸ್ವಿಚ್ಚು ಆರಿಸಿದ. ಮೆಟ್ಟಿಲ ತಲೆಯಲ್ಲಿದ್ದ ಬಾಗಿಲಿಗೆ ಆಗಲೇ ಒಳಗಿನಿಂದ ಅಗುಳಿ ಹಾಕಿಯಾಗಿತ್ತು. ಕೆಳಗಿನ ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡತೊಡಗಿದ.

ದಪ್ಪ ಬಾಗಿಲಿನ ಆಚೆ ಮೊದಲು ತಟ್ಟಿದ ಸದ್ದು, ಆಮೇಲೆ ಗುದ್ದಿದ ಸದ್ದು. ಕೂಗು ಕೇಳಿಸಿದರೂ ಮಾತು ತಿಳಿಯಲಿಲ್ಲ. ಚಿಕ್ಕವನಿದ್ದಾಗ ಜ್ವರದಲ್ಲಿ ತನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಇದೇ ಭಾವ ಎಂಬುದು ಬೇಡದ ಹೊತ್ತಲ್ಲಿ ನೆನಪಾಯಿತು. ಅವನಿಗೆ ದುಃಖವಾಯಿತು, ನಿಜವಾಗಿಯೇ ಆಯಿತು. ಆದರೂ ಏಳಲಿಲ್ಲ. ಐದು ನಿಮಿಷಕ್ಕೆ ಗುದ್ದು ನಿಂತಿತು. ಇನ್ನೂ ಇಪ್ಪತ್ತು ನಿಮಿಷ ಕಾದ. ಅವಸರ ಮಾಡಿದವರೇ ಸಿಕ್ಕಿಬೀಳುವುದು ಎಂದು ಅವನ ನಂಬಿಕೆ.

ಆಮೇಲೆ ಮೆಟ್ಟಿಲು ಹತ್ತುತ್ತ ಹೇಳಬೇಕಾದ ಮಾತನ್ನು ಬಾಯಲ್ಲೇ ತಿರುವಿಕೊಂಡ. ಅಕ್ಕಾ, ಭಾವ ಎಲ್ಲಿ, ಇನ್ನೂ ಮೇಲೆ ಬಂದಿಲ್ವಾ? ಅಗುಳಿ ತೆಗೆದ.

ಬಾಗಿಲ ಎರಡೂ ಬದಿಗೆ ಆಗಷ್ಟೇ ಬಂದಿದ್ದ ಇಬ್ಬರು ಪೊಲೀಸರು ಉಸಿರು ಬಿಗಿಹಿಡಿದು ನಿಂತಿದ್ದರು. ಒಬ್ಬ ಅವನ ರಟ್ಟೆ ಹಿಡಿದ, ಇನ್ನೊಬ್ಬ ಕೆಳಕ್ಕೆ ಓಡಿದ. ಕೌಂಟರಿನಲ್ಲಿ ನಲ್ಲಿಕಂಬದ ಮುಚ್ಚಳ ಬಿಚ್ಚಿ ಬಿದ್ದಿತ್ತು. ಅಕ್ಕ ಕಂಬದ ಮೇಲೆ ಬಗ್ಗಿ ಒಳಗಿನ ಪೈಪಿಗೆ ಬಾಯಿಟ್ಟು ಹೇಳುತ್ತಿದ್ದಳು: "ಉಸಿರು ಪೈಪಿಂದ ಎಳ್ಕೊಳ್ಳಿ, ಕೋಣೆಗೆ ಬಿಡಿ. ಹಾಂ, ಹಾಗೇ. ಇನ್ನೊಂದು ಸಲ." ಫ್ಯಾನಿನ ಗಾಳಿ ನಿಂತರೆ ಪೈಪು ಬರೀ ಪೈಪು, ಮಾತು ಮೇಲೆ ಬರುತ್ತದೆ, ಉಸಿರು ಕೆಳಗಿಳಿಯುತ್ತದೆ, ಅವನಿಗೆ ಇದೊಂದು ಹೊಳೆದಿರಲಿಲ್ಲ. ಪೀಪಾಯಿಯ ಮೇಲೆ ಹತ್ತಿ ಸೂರಿನ ಪೈಪಿಗೆ ಬಾಯಿಟ್ಟ ಭಾವ ಎಲ್ಲವನ್ನೂ ಹೇಳಿಬಿಟ್ಟಿದ್ದ, ಕೆಳಗೆ ಬರಬೇಡ, ಬಾಗಿಲ ಮುಂದೆ ಅವನಿದ್ದಾನೆ ಎಂಬುದನ್ನೂ. ಕಂಬದೊಳಗಿಂದ ಸಣ್ಣ, ಏದುಸಿರಿನ ದನಿ ಬಂತು: "ಬಂದನೇನೇ ಅವನು?" ಅಕ್ಕ ತಲೆ ಎತ್ತಿ ತಮ್ಮನನ್ನು ನೋಡಿದಳು. "ಬಂದ ರೀ," ಅಂದಳು ಪೈಪಿಗೆ. "ನೀವು ಉಸಿರು ಎಳೀರಿ."