ರತನ್ ಅಳಿಸಿದ ಅಕ್ಷರಗಳು

"ಯಾರನ್ ಕೇಂಡ್ ನನ್ ಫೈಲಿಗೆ ಕೈ ಹಾಕದ್ದ್ ನೀನ್?"

ಬಾರ್ಕೂರಿನ ತನ್ನ ಮನೆಯ ಚಾವಡಿಯಲ್ಲಿ ಚಹಾ ಕುಡಿಯುತ್ತಿದ್ದ ರತನ್, ಲೋಟ ಕೆಳಗಿಡುವುದನ್ನೂ ಮರೆತ. ಅಂಗಳದಲ್ಲಿ ಮೋಕ್ಷಿತಾ! ಉಪ್ಪುಂದದಿಂದ ಬಸ್ಸು ಬದಲಿಸಿ ಬಂದಿದ್ದಳು. ದಾರಿಯುದ್ದಕ್ಕೂ ಸಿಟ್ಟು ಏರಿತ್ತೇ ಹೊರತು ಇಳಿದಿರಲಿಲ್ಲ.

ಸಿಟ್ಟು ಬರದೆ ಇನ್ನೇನು? ಇಬ್ಬರೂ ಒಂದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುವವರು. ಔಷಧ ಹೊತ್ತೊಯ್ಯಲು ಡಿಎನ್‌ಎ ಎಳೆಗಳನ್ನೇ ಮಡಚಿ ಹೆಣೆದ, ಕಣ್ಣಿಗೆ ಕಾಣದ ಪುಟ್ಟ ಪೆಟ್ಟಿಗೆಯೊಂದನ್ನು ಅವಳು ಎರಡು ವರ್ಷ ಕೂತು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ್ದಳು. ಎಳೆಗಳ ಪಟ್ಟಿ ಅಂದೇ ಸಂಜೆ ನಾಲ್ಕಕ್ಕೆ ತಯಾರಕರಿಗೆ ಹೋಗಬೇಕು. ಬೆಳಿಗ್ಗೆ ಫೈಲು ತೆರೆದರೆ ನಲವತ್ತೆಂಟು ಕಡೆ ಒಂದೊಂದು ಡಿಎನ್‌ಎ ಅಕ್ಷರ ಮಾಯ! ಫೈಲಿನ ದಾಖಲೆಯಲ್ಲಿ ಅಳಿಸಿದವನ ಹೆಸರು ರತನ್.

'ಇವನನ್ನು ಎಷ್ಟು ನಂಬಿದ್ದೆ...'

ಬರೀ ನಂಬಿದ್ದಲ್ಲ, ಮನಸ್ಸನ್ನೇ ಕೊಟ್ಟಿದ್ದಳು.

ಅವನು ವಿವರಿಸಲು ಬಾಯಿ ತೆರೆದ. ನಿನ್ನ ಮಾತು ಬೇಡ, ಪೆಟ್ಟಿಗೆಯೇ ಹೇಳಲಿ ಎಂದಳು. ಚಾವಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟು, ಅಳಿಸಿದ ಅಕ್ಷರಗಳನ್ನೆಲ್ಲ ಮರಳಿ ಸೇರಿಸಿ ಸಿಮ್ಯುಲೇಷನ್ ಓಡಿಸಿದಳು. ರತನ್‌ನ ಅಮ್ಮ ಕುಸುಮ ಊಟಕ್ಕೆ ಎರಡು ಸಲ ಕರೆದರು. ಅವಳು ಕದಲಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಪೆಟ್ಟಿಗೆಯ ಗೋಡೆ ಮೆಲ್ಲಗೆ ತಿರುಚಿಕೊಂಡಿತು. ತುಂಡು ತುಂಡಾಗಿ ಪರೀಕ್ಷಿಸಿದಾಗ ನೆಟ್ಟಗಿದ್ದದ್ದು, ಪೂರ್ತಿ ಜೋಡಿಸಿದಾಗ ಸೊಟ್ಟಗಾಗಿತ್ತು. ಮುಚ್ಚಳ ಕೂರಲೇ ಇಲ್ಲ.

ಮೋಕ್ಷಿತಾಳ ಮುಖ ಬಿಳಿಚಿತು. ಇದನ್ನೇ ನಾಲ್ಕಕ್ಕೆ ಕಳಿಸಿದ್ದರೆ ಎರಡು ವರ್ಷದ ದುಡಿಮೆ ನೀರುಪಾಲು...

"ನೀನೇ ಹೇಳಿದ್ದಲ್ದಾ," ಎಂದ ರತನ್ ಮೆಲ್ಲಗೆ. "ಬಲೆ ನೇಯುವಾಗ ನಡು ನಡು ಒಂದ್ ಕಣ್ಣ್ ಬಿಡ್ದಿರೆ ಅದ್ ತಿರ್ಚ್ಕಂತ್ ಅಂದೇಳಿ."

ಹೇಳಿದ್ದಳು. ಕಳೆದ ರಜೆಯಲ್ಲಿ ಉಪ್ಪುಂದದ ಕಡಲ ತೀರದಲ್ಲಿ ಅವಳ ಅಪ್ಪ ದುಗ್ಗಪ್ಪ ಬಲೆ ನೇಯುತ್ತಿದ್ದಾಗ, ಪಕ್ಕದಲ್ಲಿ ಕುಳಿತು ಇವನಿಗೆ ತಾನೇ ಕಲಿಸಿದ್ದಳು. ಇವನು ಅದನ್ನು ಇಷ್ಟು ದಿನ ನೆನಪಿಟ್ಟುಕೊಂಡು, ಪೆಟ್ಟಿಗೆ ತಿರುಚದಿರಲೆಂದೇ ನಡುನಡುವೆ ಅಕ್ಷರ ಬಿಟ್ಟಿದ್ದನೇ?

ಆದರೂ ಸಿಟ್ಟು ಹೋಗಲಿಲ್ಲ. ಈಗಂತೂ ಅಳುವೂ ಸೇರಿಕೊಂಡಿತು.

"ತಪ್ಪ್ ನಂದೇ. ಆದ್ರೂ ನಂಗೆ ಹೇಳ್ಕಿತ್ತ್! ಎಂತಕ್ ಹೇಳ್ಲಿಲ್ಲ?"

ಹೋದ ತಿಂಗಳು ಲ್ಯಾಬಿನಲ್ಲಿ ಎಲ್ಲರೆದುರು ಅವಳ ಲೆಕ್ಕದಲ್ಲಿ ತಪ್ಪು ತೋರಿಸಿದ್ದಕ್ಕೆ ಅವಳು ಹದಿನೈದು ದಿನ ಇವನ ಮುಖ ನೋಡಿರಲಿಲ್ಲ. ಆ ಹದಿನೈದು ದಿನ ಹೇಗೆ ಕಳೆದನೋ ಅವನಿಗೇ ಗೊತ್ತು.

"ನಿನ್ ಸಿಟ್ಟ್ ತಡ್ಕಂತೆ ಮೋಕ್ಷಿ," ಎಂದ ಅವನು. "ನೀ ಮಾತ್ ಬಿಟ್ರೆ ತಡ್ಕಂಬುಕಾತಿಲ್ಲ. ಆದ್ರೆ ಕೇಣ್ದೆ ಮಾಡದ್ದ್ ತಪ್ಪೇ."

ಮೋಕ್ಷಿತಾ ಕಣ್ಣೊರೆಸಿಕೊಂಡಳು. ಆ ನಲವತ್ತೆಂಟು ಅಕ್ಷರಗಳನ್ನು ಒಂದೊಂದಾಗಿ ತನ್ನ ಕೈಯಾರೆ ಅಳಿಸಿದಳು. ಮತ್ತೆ ಓಡಿಸಿದ ಪೆಟ್ಟಿಗೆ ನೆಟ್ಟಗೆ ನಿಂತು ಮುಚ್ಚಳ ಹಾಕಿಕೊಂಡಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿಯ ಕೆಳಗೆ ಇಬ್ಬರ ಹೆಸರೂ ಬರೆದು ಕಳಿಸಿದಳು.

ಮತ್ತೆ, ಇನ್ನೂ ಗಂಟು ಹಾಕಿದ ಮುಖದಲ್ಲೇ ಹೇಳಿದಳು.

"ಆಯ್ತಾರ ಉಪ್ಪುಂದಕ್ಕೆ ಬಾ. ಅಪ್ಪನ್ ಹತ್ರ ಹೆಣ್ಣ್ ಕೇಣ್."

ರತನ್ ತಟ್ಟನೆ ಎದ್ದು ನಿಂತ. "ನಿನ್ನನ್ನಾ?"

"ಮತ್ಯಾರನ್ನ? ಈ ಸಲ ಆದ್ರೂ ಮೊದ್ಲ್ ಕೇಣ್."