ಮೊರದಲ್ಲಿ ಜೋಡಿಸಿದ ಲಾರಿ

ಬಹಳ ಬಹಳ ಹಿಂದೆ, ಗಿಳಿಗಳ ಕೊರಳಿಗೆ ಇನ್ನೂ ಕೆಂಪು ಪಟ್ಟಿ ಬಂದಿರದ ಕಾಲದಲ್ಲಿ, ಏಳುತಿರುವಿನ ನಾಡು ಎಂಬುದೊಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಲಾರಿ ಇತ್ತು. ಆ ಕಾಲದಲ್ಲಿ ಲಾರಿ ಎಲ್ಲಿತ್ತು ಎಂದು ಕೇಳಬೇಡಿ. ಇತ್ತು ಎಂದರೆ ಇತ್ತು, ಒಂದೇ ಒಂದು.

ಅದರ ಹೆಸರು ಗಜಲಕ್ಷ್ಮಿ. ಮೈಯೆಲ್ಲ ಹಸಿರು, ಅಂಚಿಗೆ ಕೆಂಪು. ಹಿಂದೆ 'ಅವ್ವನ ಆಶೀರ್ವಾದ' ಎಂದು ಬರೆದಿತ್ತು. ಬರೆದವನಿಗೆ ಜಾಗ ಸಾಲದೆ ಕೊನೆಯ ಅಕ್ಷರ ಮೂಲೆಯಲ್ಲಿ ಮುದುರಿಕೊಂಡಿತ್ತು. ಜವರ ಎಂಬ ಡ್ರೈವರು ವಾರಕ್ಕೊಮ್ಮೆ ಅದರಲ್ಲಿ ಸಮುದ್ರದ ಕಡೆಯಿಂದ ಉಪ್ಪು ತುಂಬಿಕೊಂಡು ಏಳು ತಿರುವು ಹತ್ತಿ ಬರುತ್ತಿದ್ದ. ಅವನು ಬಂದರೇನೇ ನಾಡಿನ ಸಾರಿಗೆ ರುಚಿ. ಮನೆಯಲ್ಲಿ ಅವನ ಹೆಂಡತಿ ಚಿಕ್ಕತಾಯಿ, ಕಣ್ಣು ಮಂಜಾದ ತಾಯಿ ನಿಂಗಾಜಮ್ಮ, ಕೊಟ್ಟಿಗೆಯಲ್ಲಿ ಕೆಂದ ಎಂಬ ಮುದಿ ಎತ್ತು, ಇಷ್ಟೇ ಜನ.

ಚಿಕ್ಕತಾಯಿ ಬಹಳ ಒಳ್ಳೆಯವಳು, ಆದರೆ ತಾಳ್ಮೆ ಮಾತ್ರ ಇಲ್ಲ. ಅನ್ನ ಬೇಯುವುದರೊಳಗೆ ಹತ್ತು ಸಲ ಮುಚ್ಚಳ ತೆಗೆದು ನೋಡುವ ಜಾತಿ.

ಆ ನಾಡಿನ ಗುಡ್ಡದ ಮೇಲೆ ಪೆಟ್ಟಿಗೆರಾಯ ಎಂಬ ಮಾಂತ್ರಿಕನಿದ್ದ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೋಲು ಬೀಸಿ ಕುಗ್ಗಿಸುವುದು, ಬಿಡಿಬಿಡಿ ಮಾಡಿ ಪೆಟ್ಟಿಗೆಗೆ ತುಂಬುವುದು, ಅರಗಿನ ಮುದ್ರೆ ಒತ್ತಿ ಗೂಡಿನಲ್ಲಿಡುವುದು, ಇದೇ ಅವನ ಕೆಲಸ. ಒಂದು ಕೆರೆ, ಒಂದು ಇಡೀ ಸಂತೆ, ಮದುವೆ ಮನೆಗೆ ಹೊರಟಿದ್ದ ಓಲಗದವರು, ರಾಜನ ಆನೆ, ಎಲ್ಲ ಅವನ ಗೂಡಿನಲ್ಲಿದ್ದವು. ಒಂದನ್ನಾದರೂ ತೆಗೆದು ನೋಡಿದವನಲ್ಲ ಪುಣ್ಯಾತ್ಮ.

ಒಂದು ಸೋಮವಾರ ಏಳನೆಯ ತಿರುವಿನಲ್ಲಿ ಅವನು ಗಜಲಕ್ಷ್ಮಿಯ ಕಡೆ ಕೋಲು ಬೀಸಿದ. ಲಾರಿ ನೂರಿಪ್ಪತ್ತು ತುಂಡಾಗಿ ಪೆಟ್ಟಿಗೆ ಸೇರಿತು. ಜವರ ಉಗುರಿನಷ್ಟು ಗೊಂಬೆಯಾಗಿ ಅದರ ಮೂಲೆಯಲ್ಲಿ ಮಲಗಿದ.

ಸುದ್ದಿ ಕೇಳಿದ ಚಿಕ್ಕತಾಯಿ ಒಂದೇ ಉಸಿರಿಗೆ ಗುಡ್ಡ ಹತ್ತಿದಳು.

"ನನ್ನ ಗಂಡನ್ನ ಕೊಡು!"

"ಮುಚ್ಚಳ ತೆಗೆದರೆ ಹೊಸತನ ಹೋಗಿಬಿಡುತ್ತದೆ," ಎಂದ ಪೆಟ್ಟಿಗೆರಾಯ.

"ನಿನ್ನ ಹೊಸತನಕ್ಕೆ ಬೆಂಕಿ ಬೀಳ. ಕೊಡ್ತೀಯೋ ಇಲ್ವೋ?"

ಪೆಟ್ಟಿಗೆರಾಯ ನಕ್ಕ. "ನನ್ನ ಗುರು ಒಂದು ಕಟ್ಟಳೆ ಹಾಕಿದ್ದಾನೆ. ಕೇಳಿದವರಿಗೆ ಪೆಟ್ಟಿಗೆ ಕೊಡಲೇಬೇಕು. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಇದನ್ನು ಜೋಡಿಸು. ನಿನ್ನ ಲಾರಿ ಹೇಗಿತ್ತೋ ಹಾಗೇ ಇರಬೇಕು. ಎಳ್ಳಷ್ಟು ವ್ಯತ್ಯಾಸವಾದರೂ ಅದು ಮತ್ತೆ ದೊಡ್ಡದಾಗಿ ಏಳುವುದಿಲ್ಲ. ಎದ್ದರೆ ನನ್ನ ಮುದ್ರೆಗಳೆಲ್ಲ ಕರಗುತ್ತವೆ. ಏಳದಿದ್ದರೆ ಗಂಡ ಎಂದೆಂದಿಗೂ ನನ್ನ ಗೂಡಿನಲ್ಲಿ. ಇನ್ನೂರು ವರ್ಷದಿಂದ ಯಾರೂ ಗೆದ್ದಿಲ್ಲ ತಾಯಿ."

ಚಿಕ್ಕತಾಯಿ ಪೆಟ್ಟಿಗೆಯನ್ನು ಮನೆಗೆ ತಂದು ಮುಚ್ಚಳ ತೆಗೆದಳು. ಕರಿಬೇವಿನ ಕಡ್ಡಿಗೆ ಎಲೆ ಅಂಟಿಕೊಂಡ ಹಾಗೆ ತುಂಡುಗಳೆಲ್ಲ ಕಡ್ಡಿಗಳಿಗೆ ಅಂಟಿಕೊಂಡಿದ್ದವು. ಜೊತೆಗೆ ಒಂದು ಓಲೆ: ಒಂದನ್ನು ಎರಡಕ್ಕೆ ಸೇರಿಸು, ಎರಡನ್ನು ಮೂರಕ್ಕೆ. ಬಣ್ಣವಿಲ್ಲ, ಬರಹವಿಲ್ಲ, ಯಾರ ಲಾರಿಯಾದರೂ ಆಗಬಹುದಾದ ಬೋಳು ತುಂಡುಗಳು. ನಿಂಗಾಜಮ್ಮ ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಮಗನ ಮುಖವನ್ನು ಬೆರಳ ತುದಿಯಿಂದ ಸವರಿ ಗೊಳೋ ಎಂದು ಅತ್ತಳು.

ಮೊದಲನೆಯ ದಿನ ಚಿಕ್ಕತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಅತ್ತೆಯ ಅಡಕತ್ತರಿಯಿಂದ ತುಂಡು ಬಿಡಿಸಿದಳು, ಕಲ್ಲಿಗೆ ಉಜ್ಜಿ ನಯ ಮಾಡಿದಳು, ಹಲಸಿನ ಮೇಣದಿಂದ ಅಂಟಿಸಿದಳು. ಚಕ್ರ ಕೂತಿತು, ಮೂತಿ ಕೂತಿತು. ಹೆಡ್‌ಲೈಟು ಕೂರಿಸುವಾಗ ಅದು ಟಿಣ್ಣೆಂದು ಹಾರಿ ಕೆಳಗೆ ಬಿತ್ತು. ಚಾಪೆಯಡಿಯಿಂದ ಇಲಿಯಷ್ಟು ದೊಡ್ಡ ಮೈ, ಮೊಸಳೆಯಷ್ಟು ದೊಡ್ಡ ಬಾಯಿಯ ಪ್ರಾಣಿಯೊಂದು ಬಂದು ಅದನ್ನು ಗುಳಕ್ಕನೆ ನುಂಗಿತು.

"ನಾನು ನುಂಗಣ್ಣ. ಪೆಟ್ಟಿಗೆರಾಯನ ಬಂಟ. ನೆಲಕ್ಕೆ ಬಿದ್ದದ್ದೆಲ್ಲ ನನ್ನದು!"

"ಎಲ್ಲಾನೂ?"

"ಎಲ್ಲಾನೂ!"

"ಹಂಗಾದ್ರೆ ತಗಾ," ಎಂದು ಚಿಕ್ಕತಾಯಿ ಮೂರು ಸೇರು ರಾಗಿಯನ್ನು ನೆಲಕ್ಕೆ ಸುರಿದಳು. ನುಂಗಣ್ಣ ತಿಂದ, ತಿಂದ, ತಿಂದ. ಹೊಟ್ಟೆ ಗುಡಾಣವಾಯಿತು. ರಾಗಿ ಮೂಗಿಗೇರಿ ಒಂದು ಸೀನು ಸೀನಿದ ನೋಡಿ, ಹೆಡ್‌ಲೈಟು ಬಂತು, ಎರಡು ಸೂಜಿ ಬಂತು, ನಾಲ್ಕು ವರ್ಷದ ಹಿಂದೆ ಕಳೆದಿದ್ದ ನಿಂಗಾಜಮ್ಮನ ಮೂಗುಬೊಟ್ಟೂ ಬಂತು!

"ಇದನ್ನ ಪಕ್ಕದಮನೆಯವಳು ಕದ್ದಳು ಅಂದ್ಕಂಡಿದ್ನಲ್ಲೇ, ಪಾಪ," ಎಂದಳು ನಿಂಗಾಜಮ್ಮ. ಅಲ್ಲಿಂದ ಮುಂದೆ ಚಿಕ್ಕತಾಯಿ ಮೊರದೊಳಗೇ ಕೆಲಸ ಮಾಡಿದಳು. ಬಿದ್ದರೂ ಮೊರಕ್ಕೆ ಬೀಳುತ್ತಿತ್ತು.

ಎರಡನೆಯ ದಿನ ಚಿಕ್ಕತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಣ್ಣಕ್ಕೆ ಕುಳಿತಳು. ಮೈಗೆ ಹಸಿರು, ಅಂಚಿಗೆ ಕೆಂಪು. ಪೊರಕೆಯ ಒಂದೇ ಎಳೆಯಿಂದ 'ಅವ್ವನ ಆಶೀರ್ವಾದ' ಬರೆದು, ಕೊನೆಯ ಅಕ್ಷರವನ್ನು ಬೇಕೆಂದೇ ಮುದುರಿದಳು. ಮೂತಿಗೆ ಸಾಸಿವೆಯಷ್ಟು ನಿಂಬೆಹಣ್ಣನ್ನೂ ಕಟ್ಟಿದಳು. ಇನ್ನು ಒಣಗಬೇಕು. ಆಗ ಕಿಟಕಿಗೆ ಪೆಟ್ಟಿಗೆರಾಯ ಕಳಿಸಿದ ಒಂದು ಗಿಳಿ ಬಂದು ಕೂತಿತು.

"ಒಣಗಿದೆ, ಒಣಗಿದೆ! ಮುಟ್ಟಿ ನೋಡು, ಮುಟ್ಟಿ ನೋಡು!"

ಚಿಕ್ಕತಾಯಿಯ ಬೆರಳು ತುರಿಸಿತು. ಮುಟ್ಟಿದರೆ ಬೆರಳಚ್ಚು ಬೀಳುತ್ತದೆ, ಅಚ್ಚು ಬಿದ್ದರೆ ಅದು ಗಜಲಕ್ಷ್ಮಿಯಲ್ಲ. ಅವಳು ಗೊತ್ತಿದ್ದೂ ಕೈ ಚಾಚಿದಳು.

"ಹಿಟ್ಟು ನಾದೇ!" ಎಂದು ಗದರಿದಳು ನಿಂಗಾಜಮ್ಮ. "ಎರಡೂ ಕೈಯ ಹಿಟ್ಟಿಗೆ ಹಾಕು. ಹೊತ್ತು ಮುಳುಗೋಗಂಟ ತೆಗೀಬ್ಯಾಡ."

ಚಿಕ್ಕತಾಯಿ ಮೊಣಕೈವರೆಗೆ ಹಿಟ್ಟಿನಲ್ಲಿ ಕೈಯಿಟ್ಟು ನಾದುತ್ತಲೇ ಕುಳಿತಳು. ಗಿಳಿ ಕೂಗಿ ಕೂಗಿ ಸೋತಿತು.

"ಅಷ್ಟು ಖಾತ್ರಿ ಇದ್ರೆ ನೀನೇ ನೋಡು. ಅಗೋ, ಆ ಬಣ್ಣದ ಬಟ್ಟಲು ನೋಡು, ಒಣಗೈತಾ?" ಎಂದಳು ಚಿಕ್ಕತಾಯಿ. ಗಿಳಿ ಕೆಂಪು ಬಟ್ಟಲಿನೊಳಗೆ ಕತ್ತು ಹಾಕಿತು. ಕೊಕ್ಕಿಗೆ ಕೆಂಪು, ಕೊರಳ ಸುತ್ತ ಕೆಂಪು! ನಾಚಿಕೊಂಡು ಹಾರಿಹೋಯಿತು. ಆ ಬಣ್ಣ ಇಂದಿಗೂ ಹೋಗಿಲ್ಲ.

ಮೂರನೆಯ ದಿನ ಚಿಕ್ಕತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊನೆಯ ಕೆಲಸ ಮುಗಿಸಿದಳು. ಗೊಂಬೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. ಹೊತ್ತು ಇಳಿಯುತ್ತಿತ್ತು. ಪೆಟ್ಟಿಗೆರಾಯ ಬಾಗಿಲಲ್ಲಿ ಬಂದು ನಿಂತಿದ್ದ.

"ಏಳು ಗಜಲಕ್ಷ್ಮಿ!"

ಏಳಲಿಲ್ಲ.

"ಏಳು ನಮ್ಮವ್ವ!"

ಏಳಲಿಲ್ಲ.

"ಎಲ್ಲಿ, ಕೊಡಿಲ್ಲಿ," ಎಂದು ನಿಂಗಾಜಮ್ಮ ಲಾರಿಯ ಮೇಲೆ ಬೆರಳಾಡಿಸಿದಳು. ಮುಂದೆ ಸವರಿದಳು, ಹಿಂದೆ ಸವರಿದಳು. "ಅಯ್ಯೋ, ಹಿಂದುಗಡೆ ಮೂಲೇಲಿ ಸೊಟ್ಟ ಎಲ್ಲೇ? ಗಾಡಿ ಬಂದಾಗೆಲ್ಲ ಅಲ್ಲಿ ಕೈಯಿಟ್ಟೇ ನನ್ನ ಮಗ ಬಂದ ಅಂತ ತಿಳ್ಕತಿದ್ದೆ. ಕೆಂದ ಗುದ್ದಿದ್ನಲ್ಲ, ಆ ಸೊಟ್ಟ."

ಚಿಕ್ಕತಾಯಿಯ ಮುಖ ಬಾಡಿತು. ಆ ಸೊಟ್ಟ ಅವಳಿಗೆ ಮರೆತಿರಲಿಲ್ಲ. ಗಾಡಿ ಹೊಸದಾಗಿ ಬರುವುದಾದರೆ ಅದೊಂದು ಇಲ್ಲದೇ ಬರಲಿ ಎಂದು ಬೇಕೆಂದೇ ಬಿಟ್ಟಿದ್ದಳು.

ಈಗ ಆ ಮೂಲೆಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ, ಕೊಂಬು ಗುದ್ದಿದ ಹಾಗೆ ಸೂಜಿಯ ಹಿಂಬದಿಯಿಂದ ಒತ್ತಿದಳು. ತುಂಡು ಬಗ್ಗಿತು, ಮತ್ತೆ ಪಟ್ಟನೆ ನೆಟ್ಟಗಾಯಿತು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ನೆಟ್ಟಗಾಯಿತು. ಸೂರ್ಯ ಗುಡ್ಡ ಮುಟ್ಟಿದ್ದ. ಪೆಟ್ಟಿಗೆರಾಯ ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಹಿಡಿದ.

ಚಿಕ್ಕತಾಯಿಗೆ ಅಳು ಒತ್ತರಿಸಿ ಬಂತು.

"ಅತ್ತೆ, ಕೆಂದ ಗುದ್ದಲಿಲ್ಲ. ನಾನೇ. ಇವರು ಮಲಗಿದ್ದಾಗ ಗಾಡಿ ಕಲಿಯಾನ ಅಂತ ರಿವರ್ಸ್ ತಗಂಡೆ. ಹಿಂದೆ ನೋಡಲೇ ಇಲ್ಲ. ಅಂಗಳದ ಒರಳುಕಲ್ಲಿಗೆ ಗುದ್ದಿಬಿಟ್ಟೆ. ಹೆದರಿಕೊಂಡು ಕೆಂದನ ಮೇಲೆ ಹಾಕಿದೆ."

ನಿಂಗಾಜಮ್ಮ ಕೊಟ್ಟಿಗೆಯ ಕಡೆ ಮುಖ ತಿರುಗಿಸಿದಳು. "ಎರಡು ವರ್ಸದಿಂದ ಆ ಎತ್ತಿಗೆ ಒಂದು ಚೂರು ಬೆಲ್ಲ ಕೊಟ್ಟಿಲ್ವಲ್ಲೇ ನಾನು," ಎಂದಳು. ಆಮೇಲೆ ಸೊಂಟದ ಸಂಚಿಯಿಂದ ಎಲೆಅಡಿಕೆ ಕುಟ್ಟುವ ಪುಟ್ಟ ಕಲ್ಲು ತೆಗೆದು ಸೊಸೆಯ ಕೈಗಿಟ್ಟಳು. "ಹಂಗಾದ್ರೆ ಕಲ್ಲಿಂದ ಒತ್ತು."

ಚಿಕ್ಕತಾಯಿ ಕಲ್ಲಿನಿಂದ ಒತ್ತಿದಳು. ತುಂಡು ಬಗ್ಗಿತು. ಬಗ್ಗಿದ್ದು ಹಾಗೇ ನಿಂತಿತು.

ಪೋಂ!

ಗಜಲಕ್ಷ್ಮಿ ಎದ್ದಳು. ಮೊರದಷ್ಟಾದಳು, ಮಂಚದಷ್ಟಾದಳು. ಲಾರಿಯನ್ನು ಅಂಗಳದಲ್ಲಿಟ್ಟು ಎಬ್ಬಿಸಬೇಕೆಂದು ಅತ್ತೆಗೂ ಹೊಳೆದಿರಲಿಲ್ಲ, ಸೊಸೆಗೂ ಹೊಳೆದಿರಲಿಲ್ಲ. ಇಬ್ಬರೂ ಬಾಗಿಲಿಗೆ ಓಡಿದರು, ಹೆಂಚು ಹಾರಿತು, ಗೋಡೆ ಬಿತ್ತು, ಧೂಳಿನ ನಡುವೆ ಜವರ ಕಣ್ಣುಜ್ಜಿಕೊಳ್ಳುತ್ತ ಕೆಳಗಿಳಿದ.

ಗುಡ್ಡದ ಮೇಲೆ ಅರಗಿನ ಮುದ್ರೆಗಳು ಒಂದೊಂದಾಗಿ ಕರಗಿದವು. ಕೆರೆ ತನ್ನ ಜಾಗಕ್ಕೆ ಹರಿದು ಬಂತು. ಸಂತೆಯವರು ಚೌಕಾಸಿ ಮುಂದುವರಿಸಿದರು. ಓಲಗದವರು ರಾಗವನ್ನು ನಿಲ್ಲಿಸಿದ್ದಲ್ಲಿಂದಲೇ ಎತ್ತಿಕೊಂಡರು. ಆನೆ ನೆಟ್ಟಗೆ ಅರಮನೆಗೆ ಹೋಗಿ ರಾಜನ ಊಟ ತಿಂದಿತು. ಪೆಟ್ಟಿಗೆರಾಯನ ಕೋಲು ಬರೀ ಕೋಲಾಯಿತು. ಅವನು ಬಾಯಿ ಬಿಟ್ಟುಕೊಂಡು ಲಾರಿಯನ್ನೇ ನೋಡುತ್ತಿದ್ದ.

"ಹೊರಗಿದ್ದರೆ ಇಷ್ಟು ಚೆಂದವೇ?" ಎಂದ.

"ಹತ್ತು, ತೋರಿಸ್ತೀನಿ," ಎಂದ ಜವರ. ಹೀಗೆ ಪೆಟ್ಟಿಗೆರಾಯ ಗಜಲಕ್ಷ್ಮಿಯ ಕ್ಲೀನರ್ ಆದ.

ಚಿಕ್ಕತಾಯಿ ಗಂಡನ ಮುಂದೆ ತಲೆ ತಗ್ಗಿಸಿ ನಿಂತು ಸೊಟ್ಟದ ವಿಷಯ ಹೇಳಿದಳು.

"ಗೊತ್ತು ಕಣೇ," ಎಂದ ಜವರ. "ಒರಳುಕಲ್ಲಿಗೆ ಹಸಿರು ಬಣ್ಣ ಅಂಟಿತ್ತು."

"ಮತ್ತೆ ಯಾಕೆ ಕೇಳಲಿಲ್ಲ ನೀವು?"

"ನೀನೇ ಹೇಳ್ತೀಯ ಅಂತ ಕಾದೆ."

ರಾಜ ಅವರಿಗೆ ಹೊಸ ಮನೆ ಕಟ್ಟಿಸಿಕೊಟ್ಟ. ಬಾಗಿಲು ಲಾರಿ ಹಿಡಿಸುವಷ್ಟು ದೊಡ್ಡದು. ಚಿಕ್ಕತಾಯಿ ಗಾಡಿ ಕಲಿತಳು. ಅವಳು ರಿವರ್ಸ್ ತೆಗೆದುಕೊಳ್ಳುವಾಗ ಪೆಟ್ಟಿಗೆರಾಯ ಹಿಂದೆ ನಿಂತು "ಬರ್ಲಿ, ಬರ್ಲಿ, ಒರಳುಕಲ್ಲು, ಒರಳುಕಲ್ಲು!" ಎಂದು ಕೂಗುತ್ತಿದ್ದ. ನಾಡಿನವರೆಲ್ಲ ಉಪ್ಪು ಹಾಕಿದ ಸಾರುಂಡು ಸುಖವಾಗಿದ್ದರು.

ಗಜಲಕ್ಷ್ಮಿ ಎದ್ದ ದಿನ ಸಂಜೆ ಮಾತ್ರ ಯಾರೂ ಮೊದಲು ಊಟಕ್ಕೆ ಕೂರಲಿಲ್ಲ. ನಿಂಗಾಜಮ್ಮ ಸೊಸೆಯ ಕೈ ಹಿಡಿದು ಕೊಟ್ಟಿಗೆಗೆ ಹೋದಳು. ಚಿಕ್ಕತಾಯಿ ಒಂದು ಅಚ್ಚು ಬೆಲ್ಲವನ್ನು ಕೆಂದನ ಬಾಯಿಗೆ ಹಿಡಿದು "ನಾನೇ ಕಣೋ," ಎಂದಳು. ಕೆಂದ ಬೆಲ್ಲ ತಿಂದ, ಅವಳ ಅಂಗೈ ನೆಕ್ಕಿದ, ಇನ್ನೊಂದಕ್ಕೆ ಬಾಯಿ ಚಾಚಿದ.