ಹಸಿ ಬಲೆ

“ಹಸಿ ಬಲೆ ಹೊಂಡಕ್ಕ ಇಳಿಸಬ್ಯಾಡೋ ಯಪ್ಪಾ. ಮೊದ್ಲು ಬಿಸಿಲಿಗೆ ಹಾಕು. ಹಸಿ ಬಲೆಯಾಗ ಬ್ಯಾರೇರ ಪೀಡಾ ಕುಂತು ಬರತೈತಿ.”

ಪಕ್ಕದ ಹೊಲದ ಮುದುಕಿ ಹುಲುಗಮ್ಮ ಬದುವಿನ ಮೇಲೆ ನಿಂತು ಹೀಗೆಂದಾಗ ಮೌನೇಶ್ ನಕ್ಕುಬಿಟ್ಟ. “ಪೀಡಾಕ್ಕೂ ಈಜು ಬರತೈತೇನವ್ವಾ?”

ಗಣಿ ಕೆಲಸ ಬಿಟ್ಟು ಹೆಂಡತಿಯ ಊರು ತೆಲಿಗಿಗೆ ಬಂದವನು, ಅವಳ ಪಾಲಿನ ಹೊಲದಲ್ಲಿ ಹೊಂಡ ತೋಡಿ ಮೀನು ಬಿಟ್ಟಿದ್ದ. ಮನೆಅಳಿಯ ಎಂಬ ಚುಚ್ಚುಮಾತಿನಿಂದ ಪಾರಾಗಲು ಅವನಿಗಿದ್ದದ್ದು ಆ ಮೀನುಗಳೇ. ತನ್ನ ಹೊಂಡದಿಂದ ಆಗಷ್ಟೇ ಎತ್ತಿದ ಬಲೆ ಕೊಟ್ಟವನು ಹೆಂಡತಿಯ ಅಣ್ಣ ಓಬಳೇಶ್. ಮೀನು ಸಾಕುವುದನ್ನು ಕೈಹಿಡಿದು ಕಲಿಸಿದವನು. ಅಂಥವನ ಬಲೆಯ ಮೇಲೆ ಎಂಥ ಅನುಮಾನ? ನೀರು ತೊಟ್ಟಿಕ್ಕುತ್ತಿದ್ದ ಬಲೆಯನ್ನು ಹಾಗೇ ಬೀಸಿದ.

ವಾರದೊಳಗೆ ಹೊಂಡ ನಾರತೊಡಗಿತು. ಕೊಳೆತ ಹುಲ್ಲಿಗೆ ಹಸಿ ರಕ್ತ ಬೆರೆಸಿದಂಥ ವಾಸನೆ. ಕಾಟ್ಲಾ ಮೀನುಗಳು ದಡಕ್ಕೆ ಬಂದು ಬಾಯಿ ಕಳೆದು ನಿಂತವು. ಮೈತುಂಬ ಅರಳೆಯಂಥ ಬಿಳಿ ಎಳೆ. ಕಣ್ಣಿನ ಮೇಲೂ ಅರಳೆ. ತಿಳಿದವರು ಬಂದು ನೋಡಿ, ಇದು ನೀರಿನ ಬೂಷ್ಟು, ಮೀನಿನಿಂದ ಮೀನಿಗೆ ಹತ್ತುತ್ತದೆ ಎಂದರು. ಉಪ್ಪು ಸುರಿದ. ಔಷಧ ಸುರಿದ. ಬೂಷ್ಟು ಹಬ್ಬುತ್ತಲೇ ಹೋಯಿತು. ಒಂದು ಮಧ್ಯಾಹ್ನ ತನ್ನ ಬೆರಳ ಸಂದಿಯಲ್ಲೂ ಅದೇ ಬಿಳಿ ಎಳೆ ಕಂಡ. ಕಿತ್ತ. ಮತ್ತೆ ಬಂತು.

ಹುಲುಗಮ್ಮನ ಮಾತು ನೆನಪಾಗಿ ಓಬಳೇಶನ ಹೊಂಡಕ್ಕೆ ಓಡಿದ. ಅಲ್ಲಿ ನೀರು ತಿಳಿಯಾಗಿತ್ತು, ಮೀನುಗಳು ಪುಟಿಯುತ್ತಿದ್ದವು. ದಡದ ಕೆಸರಿನಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು. ಅದಕ್ಕೆ ಸುತ್ತಿದ್ದ ಬಟ್ಟೆಯ ಚೂರು ಅವನದೇ ನೀಲಿ ಅಂಗಿಯದು.

ಓಬಳೇಶ್ ತಲೆ ಎತ್ತಲಿಲ್ಲ. “ನನ್ನ ಹೊಂಡಕ್ಕ ಯಾರೋ ಮಾಡಿಸಿದ್ರು. ಇನ್ನೊಬ್ಬರಿಗೆ ದಾಟಿಸದಿದ್ರ ಹೋಗಂಗಿಲ್ಲಂತ. ಮಾಟ ನಂಬದವಗ ಏನೂ ಆಗಂಗಿಲ್ಲ ಅಂತ ನೀನ ಅಂತಿದ್ದಿ.”

“ಮಾಟ ನಂಬಿದ್ದಿಲ್ಲ ಭಾವಾ. ನಿನ್ನ ನಂಬಿದ್ದೆ.”

ನಂಬಿಸಿ ಕತ್ತು ಕೊಯ್ದಿದ್ದ. ಮೌನೇಶ್ ಹೊಡೆಯಲು ಕೈ ಎತ್ತಿದ. ಎತ್ತಿದ ಕೈ ಮಡಚಲೇ ಇಲ್ಲ. ಮನೆಯ ಕಡೆ ಓಡಿದ. ಬೆರಳು ಸೆಟೆದವು. ಅರಳೆ ಮೊಣಕೈ ದಾಟಿತು. ಭುಜಕ್ಕೇರಿತು. ಉಸಿರಿಗೂ ಹೊಂಡದ ನಾತ. ಮಾಲಾಗೆ ಹೇಳಬೇಕು. ಹೆಂಡತಿಯೊಬ್ಬಳಾದರೂ ತನ್ನವಳು.

ಬಾಗಿಲು ಮುಚ್ಚಿತ್ತು. ಮಾಲಾ ಕಿಟಕಿಗೆ ಬಂದಳು. ಅವನ ಕೈ ನೋಡಿದಳು. ಏನಾಯಿತೆಂದು ಕೇಳಲಿಲ್ಲ.

“ನಿನ್ನ ಅಂಗಿ ಚೂರು ಕೇಳಿ ಒಯ್ದಾಗ, ಬರೀ ಮೀನಿಗೆ ಹತ್ತತೈತಿ ಅಂದಿದ್ದ ಅಣ್ಣ,” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲು ಮಾತ್ರ ತೆಗೆಯಲಿಲ್ಲ.